ತೋಟದ ಲೆಕ್ಕದ ಲ್ಯಾಪ್‌ಟಾಪ್: ದುರಸ್ತಿಯ ದಿನಚರಿ

ಜೂನ್ 22, 2025

ವಿರಾಜಪೇಟೆಯ ಬಳಿಯಿರುವ ನಮ್ಮ ಕಾಫಿ ತೋಟದ ಖರ್ಚುವೆಚ್ಚ, ಕೆಲಸದವರ ಹಾಜರಿ ಮತ್ತು 2004ರಿಂದ ದಿನವೂ ಇಂಚು ಹಾಗೂ ಸೆಂಟುಗಳಲ್ಲಿ (ಸೆಂಟು ಎಂದರೆ ಇಂಚಿನ ನೂರನೆಯ ಒಂದು ಭಾಗ) ಬರೆದಿಟ್ಟಿರುವ ಮಳೆಯ ಲೆಕ್ಕ, ಎಲ್ಲವೂ 2013ರಲ್ಲಿ ಕೊಂಡ ಒಂದೇ ಲ್ಯಾಪ್‌ಟಾಪಿನಲ್ಲಿವೆ. ಇಂಟೆಲ್ ಕೋರ್ ಐ5 ಮೂರನೆಯ ತಲೆಮಾರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಗುಂಡಿ ಒತ್ತಿದ ಮೇಲೆ ಅದು ಕೆಲಸಕ್ಕೆ ಸಿದ್ಧವಾಗಲು ಈಗ ನಾಲ್ಕು ನಿಮಿಷ ಬೇಕು. ಪೇಟೆಯ ಅಂಗಡಿಯವರು ಮುಚ್ಚಳವನ್ನೂ ತೆರೆಯದೆ, "ಇದಕ್ಕೆ ದುಡ್ಡು ಹಾಕಬೇಡಿ ಸಾರ್, ಹೊಸದು ತಗೊಳ್ಳಿ" ಎಂದರು.

ನಾನು ಒಪ್ಪಲಿಲ್ಲ. ಕೀಲಿಮಣೆ, ಪರದೆ, ಕೀಲುಗಳು ಮೂರೂ ಗಟ್ಟಿಯಾಗಿವೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ, ಪ್ರೊಸೆಸರ್ ಶೇ 10ರ ಆಸುಪಾಸಿನಲ್ಲಿ ಸುಮ್ಮನೆ ಕುಳಿತಿರುವಾಗ ಡಿಸ್ಕ್ ಮಾತ್ರ ಶೇ 100ರಲ್ಲಿ ಏದುಸಿರು ಬಿಡುತ್ತಿತ್ತು. ಈ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರುವವರೆಗೆ ಕಾಯಲೇಬೇಕು, ಚಿಕ್ಕಪುಟ್ಟ ಸಾವಿರಾರು ಕಡತಗಳನ್ನು ಹುಡುಕುವಾಗ ಆ ಕಾಯುವಿಕೆಯೇ ನಿಮಿಷಗಳಾಗುತ್ತದೆ. ಡಿಸ್ಕಿನ ಆರೋಗ್ಯ ತಿಳಿಸುವ ಸ್ಮಾರ್ಟ್ ವರದಿಯಲ್ಲಿ, ಕೆಟ್ಟುಹೋಗಿ ಬದಲಿ ಜಾಗಕ್ಕೆ ಸಾಗಿಸಿದ ಸೆಕ್ಟರ್‌ಗಳ ಸಂಖ್ಯೆ 40 ದಾಟಿತ್ತು. ಆ ಸಂಜೆಯೇ ಎಲ್ಲ ಕಡತಗಳನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿದೆ.

ಜುಲೈ 9

ಮೈಸೂರಿನಿಂದ ಸಾಮಾನು ಬಂದಿತು: ಹಳೆಯ ಡಿಸ್ಕಿನ ಬದಲಿಗೆ, ತಿರುಗುವ ಭಾಗಗಳೇ ಇಲ್ಲದ, 7 ಮಿಲಿಮೀಟರ್ ದಪ್ಪದ 500 ಜಿಬಿ ಸಾಟಾ ಎಸ್‌ಎಸ್‌ಡಿ ಮತ್ತು 8 ಜಿಬಿಯ ಒಂದು ಡಿಡಿಆರ್3ಎಲ್ ರ‍್ಯಾಮ್. ಹೊಸ ಕಾಲದ ಎನ್‌ವಿಎಂಇ ಎಸ್‌ಎಸ್‌ಡಿ ಕೂರಲು ಇದರಲ್ಲಿ ಜಾಗವೇ ಇಲ್ಲ. ಹೆಸರಿನ ಕೊನೆಯ 'ಎಲ್' ಅಕ್ಷರಕ್ಕೆ ಅರ್ಥವಿದೆ: ಹಳೆಯ ಡಿಡಿಆರ್3 1.5 ವೋಲ್ಟ್‌ನಲ್ಲಿ ನಡೆದರೆ ಇದು 1.35ರಲ್ಲೂ ನಡೆಯುತ್ತದೆ. ನನ್ನ ಯಂತ್ರ ಎರಡನ್ನೂ ಸ್ವೀಕರಿಸುತ್ತದೆ. ನಂತರದ ತಲೆಮಾರಿನ ಲ್ಯಾಪ್‌ಟಾಪುಗಳಿಗೆ 1.35ರದ್ದೇ ಆಗಬೇಕು, ಆದ್ದರಿಂದ ಕೊಳ್ಳುವವರು ಚೀಟಿಯನ್ನು ಓದಿಯೇ ಕೊಳ್ಳುವುದು ಒಳ್ಳೆಯದು.

ಜುಲೈ 20

ಮಳೆ ಬಿಟ್ಟ ದಿನ ಬಿಚ್ಚೋಣವೆಂದು ಕಾದು, ಕೊಡಗಿನ ಜೋರು ಮಳೆಯ ಕಕ್ಕಡ ತಿಂಗಳೇ ಬಂದಿತು. ಕೊನೆಗೆ ಒಲೆಯ ಬಿಸಿ ತಾಗುವ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮೇಜಿನ ಮೇಲೆ ಬಿಳಿ ಪಂಚೆ ಹಾಸಿ ಕುಳಿತೆ. ಬಯಲುಸೀಮೆಯವರು ಹೆದರುವ ಸ್ಥಿರ ವಿದ್ಯುತ್ತಿನ ಕಾಟ ಈ ತಿಂಗಳಲ್ಲಿ ಇಲ್ಲಿ ಕಡಿಮೆ, ಗಾಳಿಯೇ ಅಷ್ಟು ಒದ್ದೆ. ಆದರೂ ಬ್ಯಾಟರಿ ಕಳಚಿ, ಆಗಾಗ ಲೋಹದ ಭಾಗವನ್ನು ಮುಟ್ಟಿಕೊಂಡೇ ಕೆಲಸ ಮಾಡಿದೆ.

ತಳದ ಮುಚ್ಚಳ ತೆಗೆದಾಗ ಕಂಡದ್ದು ಹನ್ನೆರಡು ಮಳೆಗಾಲಗಳ ಇತಿಹಾಸ. ಫ್ಯಾನಿನ ಮುಂದಿನ ತಾಮ್ರದ ರೆಕ್ಕೆಗಳ ನಡುವೆ ದೂಳು ಕಂಬಳಿಯಂತೆ ಹೆಣೆದುಕೊಂಡಿತ್ತು, ಅದರ ಮೇಲೆ ಬೂಷ್ಟು. ಹೊರಗಿನ ಪರದೆ ಜೋಡಿಸಲೆಂದಿದ್ದ, ಬಳಸದೆ ಬಿಟ್ಟಿದ್ದ ವಿಜಿಎ ಕಿಂಡಿಯಲ್ಲಿ ಕಣಜದ ಹುಳವೊಂದು ಅಚ್ಚುಕಟ್ಟಾಗಿ ಮಣ್ಣಿನ ಗೂಡು ಕಟ್ಟಿ ಹೋಗಿತ್ತು! ಪ್ರೊಸೆಸರ್ ಮೇಲಿನ ಬಿಸಿಯನ್ನು ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತೆ ಉದುರಿತು. ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಅವರೆಕಾಳಿಗಿಂತ ಚಿಕ್ಕದಾದ ಹೊಸ ಪೇಸ್ಟ್ ಇಟ್ಟೆ. ಗಡಿಯಾರವನ್ನು ನಡೆಸುವ ನಾಣ್ಯದಾಕಾರದ ಕೋಶವನ್ನೂ ಬದಲಿಸಿದೆ. ಕರೆಂಟು ಹೋದಾಗಲೆಲ್ಲ ದಿನಾಂಕ ತಪ್ಪಿ ಮಳೆಯ ಲೆಕ್ಕ ಹಿಂದಿನ ವರ್ಷಕ್ಕೆ ಸೇರುತ್ತಿದ್ದುದಕ್ಕೆ ಅದೇ ಕಾರಣವಾಗಿತ್ತು.

ಎಲ್ಲ ಜೋಡಿಸಿ ಗುಂಡಿ ಒತ್ತಿದರೆ ಪರದೆ ಕಪ್ಪು, ಬೀಪ್ ಸದ್ದು ಮಾತ್ರ. ಹೊಸ ರ‍್ಯಾಮ್ ಕೆಟ್ಟದ್ದೆಂದು ಅಂಗಡಿಗೆ ಬರೆಯಲು ಹೊರಟಿದ್ದೆ. ಸುಮ್ಮನೆ ಪರೀಕ್ಷಿಸೋಣವೆಂದು ಎರಡನ್ನೂ ಒಂದೊಂದಾಗಿ ಹಾಕಿ ನೋಡಿದಾಗ ತಕರಾರು ಮಾಡುತ್ತಿದ್ದುದು ಹಳೆಯ 4 ಜಿಬಿ ಪಟ್ಟಿಯೇ ಎಂದು ತಿಳಿಯಿತು. ಅದರ ಸಂಪರ್ಕದ ಹಲ್ಲುಗಳ ಮೇಲೆ ತೆಳು ಪೊರೆ ಕಟ್ಟಿತ್ತು. ಶಾಲೆಯ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ ಒರೆಸಿ ಹಾಕಿದ ಮೇಲೆ ಒಟ್ಟು 12 ಜಿಬಿ ಕಾಣಿಸಿತು.

ಆಗಸ್ಟ್ 17

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುವ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದಿತ್ತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಂಟೆಲ್‌ನ ಮೂರನೆಯ ತಲೆಮಾರಿಗೆ ಜಾಗವಿಲ್ಲ. ಹೀಗಾಗಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿದೆ, ಅದಕ್ಕೆ 2029ರವರೆಗೆ ಭದ್ರತಾ ಪರಿಷ್ಕರಣೆ ಸಿಗುತ್ತದೆ. ಈಗ 26 ಸೆಕೆಂಡಿನಲ್ಲಿ ಯಂತ್ರ ಸಿದ್ಧ. ಈ ವೇಗದಲ್ಲಿ ಹೆಚ್ಚಿನ ಪಾಲು ಎಸ್‌ಎಸ್‌ಡಿಯದು. ರ‍್ಯಾಮ್ ಹೆಚ್ಚಿಸಿದ್ದು ಬ್ರೌಸರಿನಲ್ಲಿ ಹತ್ತಾರು ಪುಟ ತೆರೆದಾಗ ಮಾತ್ರ ಗೊತ್ತಾಗುತ್ತದೆ, ಹಣ ಕಡಿಮೆಯಿದ್ದವರು ಅದನ್ನು ಮುಂದೂಡಬಹುದು.

ನಾನು ಊಹಿಸದೆ ಇದ್ದ ಕೆಲಸವೆಂದರೆ ಕನ್ನಡದ ಹಳೆಯ ಕಡತಗಳದು. 2013ರಿಂದ ಕೆಲವು ವರ್ಷ ನಾನು ಎಲ್ಲ ಯಂತ್ರಗಳಲ್ಲೂ ಕಾಣುವ ಯೂನಿಕೋಡ್ ಸಂಕೇತ ಬಳಸದೆ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲೇ ಟೈಪು ಮಾಡಿದ್ದೆ. ಆ ಫಾಂಟ್ ಇಲ್ಲದ ಕಡೆ ಅವು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪರಿವರ್ತಿಸುವ ತಂತ್ರಾಂಶ ಬಹುಪಾಲು ಸರಿಯಾಗಿಯೇ ಮಾಡಿತಾದರೂ ಅರ್ಕಾವತ್ತು ಬಂದಲ್ಲಿ ಕಣ್ಣಿಡಬೇಕಾಯಿತು. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ತೋಟದ ಲೆಕ್ಕದಲ್ಲಿ 'ಖರ್ಚು' ಎಂಬ ಪದ ಎಷ್ಟು ಸಲ ಬರುತ್ತದೆ ಎನ್ನುವುದು ಆಗ ಅರಿವಾಯಿತು.

ನವೆಂಬರ್ 2

ಉಳಿದಿರುವುದು ಬ್ಯಾಟರಿ. ಹೊಸದಿದ್ದಾಗ 56 ವಾಟ್-ಅವರ್ ಹಿಡಿಯುತ್ತಿದ್ದುದು ಈಗ 13ಕ್ಕೆ ಇಳಿದಿದೆ. ಮರ ಬಿದ್ದು ತಂತಿ ಕಡಿದರೆ ದಿನದ ಮಳೆ ಬರೆದು ಮುಚ್ಚುವಷ್ಟು ಹೊತ್ತು ಸಿಗುತ್ತದೆ, ಅಷ್ಟೇ. ಹೆಸರಿಲ್ಲದ ಅಗ್ಗದ ಬ್ಯಾಟರಿಯನ್ನು ಮರದ ಅಟ್ಟದ ಮನೆಯಲ್ಲಿ ಚಾರ್ಜಿಗೆ ಹಾಕಿ ಮಲಗುವ ಧೈರ್ಯ ನನಗಿಲ್ಲವಾದ್ದರಿಂದ ಒಳ್ಳೆಯದೊಂದು ಸಿಗುವವರೆಗೆ ಹಳೆಯದೇ ಇರಲಿ. ಇದುವರೆಗಿನ ಖರ್ಚು ₹5,350. ಕೆಲಸವಿಲ್ಲದಾಗ ಲ್ಯಾಪ್‌ಟಾಪನ್ನು ಸಿಲಿಕಾ ಜೆಲ್ ಚೀಲಗಳಿರುವ ಗಾಳಿಯಾಡದ ಡಬ್ಬದಲ್ಲಿಡುತ್ತಿದ್ದೇನೆ. ವಿಜಿಎ ಕಿಂಡಿಗೆ ಟೇಪು ಅಂಟಿಸಿದ್ದೇನೆ.