ಮೂರು ಸಲ ತೊಳೆದ ಬಾಟಲಿ

ನಾನು ಹುಟ್ಟಿ ಬೆಳೆದದ್ದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲಿಂದ ಕಾರವಾರದ ಕಡೆಗೆ ಹೊರಟರೂ ಮಚಲೀಪಟ್ಟಣದ ಕಡೆಗೆ ಹೊರಟರೂ ಸಮುದ್ರ ಕಾಣಬೇಕಾದರೆ ಒಂದು ರಾತ್ರಿಯ ಪ್ರಯಾಣ ಬೇಕು. ಹೀಗಾಗಿ, ಸಾಗರ ವಿಜ್ಞಾನದ ತರಬೇತಿಗೆಂದು ಹೈದರಾಬಾದಿಗೆ ಹೊರಟಿದ್ದೇನೆ ಎಂದಾಗ ನಮ್ಮ ಕಾಕಾ, "ಹೈದರಾಬಾದಿನಾಗ ಸಮುದ್ರ ಯಾವಾಗ ಬಂತೋ ತಮ್ಮಾ?" ಎಂದು ನಕ್ಕರು. ಹೆಸರಿಗೆ ಹುಸೇನ್ ಸಾಗರ ಇದೆಯಲ್ಲ ಎಂದು ನಾನೂ ನಕ್ಕು ಬಸ್ಸು ಹತ್ತಿದೆ.

ಆದರೆ ಅವರ ಪ್ರಶ್ನೆ ಹುರುಳಿಲ್ಲದ್ದಲ್ಲ. ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, 1999ರಲ್ಲಿ ಆರಂಭವಾದದ್ದು ಹೈದರಾಬಾದಿನಲ್ಲೇ. ಮೀನುಗಾರರಿಗೆ ಮೀನು ಸಿಗಬಹುದಾದ ಜಾಗದ ಸೂಚನೆ ಹೊರಡುವುದೂ, 2004ರ ಡಿಸೆಂಬರ್ 26ರ ದುರಂತದ ನಂತರ 2007ರಲ್ಲಿ ಆರಂಭವಾದ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಇರುವುದೂ ಅಲ್ಲಿಯೇ. ಅದೇ ಆವರಣದಲ್ಲಿರುವ ಸಾಗರ ವಿಜ್ಞಾನದ ಅಂತರರಾಷ್ಟ್ರೀಯ ತರಬೇತಿ ಕೇಂದ್ರವನ್ನು ಯುನೆಸ್ಕೊದ ಆಶ್ರಯದಲ್ಲಿ ನಡೆಯುವ, 'ಎರಡನೇ ವರ್ಗ' ಎಂದು ಕರೆಯುವ ಕೇಂದ್ರವನ್ನಾಗಿ ಮಾಡಲು ಕೇಂದ್ರ ಸಚಿವ ಸಂಪುಟ 2018ರಲ್ಲಿ ಒಪ್ಪಿಗೆ ಕೊಟ್ಟಿತು. ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳ ಯುವ ವಿಜ್ಞಾನಿಗಳು ಕಲಿಯಲು ಬರುವ ಜಾಗ ರಾಯಚೂರಿನಿಂದ ಕೆಲವೇ ತಾಸುಗಳ ದಾರಿಯಲ್ಲಿದೆ ಎಂಬುದು ನಮ್ಮ ಜಿಲ್ಲೆಯ ಎಷ್ಟು ಕಾಲೇಜುಗಳಿಗೆ ಗೊತ್ತಿದೆಯೋ ಕಾಣೆ. ಅತಿಥಿ ಉಪನ್ಯಾಸಕನಾಗಿ ನಾನು ಓಡಾಡಿದ ಕಾಲೇಜುಗಳಲ್ಲಂತೂ ಯಾರ ಬಾಯಲ್ಲೂ ಆ ಹೆಸರು ಕೇಳಿಲ್ಲ.

ಸಮುದ್ರವಿಲ್ಲದ ಊರಿನಲ್ಲಿ ಸಮುದ್ರವನ್ನು ಕಲಿಸುವುದು ಹೇಗೆ ಎಂಬುದಕ್ಕೆ ಉತ್ತರ ಕೊಡುವ ಮೊದಲು ನನ್ನ ಕಲಿಕೆಯ ಮೊದಲ ಪಾಠವನ್ನು ಹೇಳಬೇಕು. ಎಂ.ಎಸ್ಸಿ. ಓದುವಾಗ ಕಾರವಾರದ ಆಚೆ ಒಂದು ಸಣ್ಣ ದೋಣಿಯಲ್ಲಿ ನೀರಿನ ಮಾದರಿ ಸಂಗ್ರಹಿಸಲು ಹೋಗಿದ್ದೆವು. ಲವಣಾಂಶ ಅಳೆಯುವ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ನಾಲ್ಕನೆಯ ಸಲ ಕುತ್ತಿಗೆಯವರೆಗೆ ತುಂಬಿ, ಬಾಯಿಯ ಅಂಚನ್ನು ಒಣಗಿದ ಬಟ್ಟೆಯಿಂದ ಒರೆಸಿ ಮುಚ್ಚಳ ಬಿಗಿಯಬೇಕೆಂದು ಗುರುಗಳು ಹೇಳಿದ್ದರು. ಅಲೆಯ ಹೊಯ್ದಾಟಕ್ಕೆ ನನಗೆ ವಾಂತಿ ಬರುತ್ತಿತ್ತು. ಒಂದು ಸಲ ಕುಲುಕಿ ಚೆಲ್ಲಿದರೆ ಸಾಲದೇ, ಇದೇನು ಮಡಿಯೇ ಎಂದು ಮನಸ್ಸಿನಲ್ಲೇ ಗೊಣಗಿಕೊಂಡು ಎರಡು ಬಾಟಲಿಗಳನ್ನು ಹಾಗೆಯೇ ತುಂಬಿದೆ. ಅದನ್ನು ಯಾರಿಗೂ ಹೇಳಲಿಲ್ಲ.

ಆ ಎರಡು ಬಾಟಲಿಗಳ ತಪ್ಪು ನನಗೆ ಅರ್ಥವಾದದ್ದು ವರ್ಷಗಳ ನಂತರ, ಹೈದರಾಬಾದಿನ ಹವಾನಿಯಂತ್ರಿತ ಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ. ಅಲ್ಲಿ ನಮಗೆ ಆರ್ಗೊ ತೇಲುಯಂತ್ರಗಳ ದತ್ತಾಂಶವನ್ನು ಪರಿಶೀಲಿಸಲು ಕಲಿಸುತ್ತಿದ್ದರು. ಜಗತ್ತಿನ ಸಾಗರಗಳಲ್ಲಿ ಇಂಥ ಸುಮಾರು 4,000 ಯಂತ್ರಗಳಿವೆ. ಒಂದೊಂದೂ 1,000 ಮೀಟರ್ ಆಳದಲ್ಲಿ ಪ್ರವಾಹದೊಂದಿಗೆ ಸಾಗುತ್ತಿದ್ದು, ಹತ್ತು ದಿನಕ್ಕೊಮ್ಮೆ 2,000 ಮೀಟರಿಗೆ ಇಳಿದು, ಅಲ್ಲಿಂದ ಮೇಲೇಳುತ್ತಾ ಉಷ್ಣತೆ ಮತ್ತು ಲವಣಾಂಶವನ್ನು ಅಳೆದು, ಉಪಗ್ರಹದ ಮೂಲಕ ವರದಿ ಕಳಿಸಿ ಮತ್ತೆ ಮುಳುಗುತ್ತದೆ. ಯಂತ್ರವನ್ನು ಯಾವ ದೇಶ ಬಿಟ್ಟಿರಲಿ, ದತ್ತಾಂಶ ಒಂದು ದಿನದೊಳಗೆ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಆದರೆ ವರ್ಷಗಳು ಕಳೆದಂತೆ ಯಂತ್ರದ ಸಂವೇದಕದ ಅಳತೆ ದಾರಿ ತಪ್ಪಬಹುದು, ಮತ್ತು ನಡುಸಮುದ್ರದಿಂದ ಅದನ್ನು ಎತ್ತಿ ತಂದು ಸರಿಪಡಿಸುವವರು ಯಾರೂ ಇಲ್ಲ. ತಪ್ಪಿದೆಯೇ ಎಂದು ತಿಳಿಯಲು ಆ ಪ್ರದೇಶದಲ್ಲಿ ಯಾವುದಾದರೂ ನೌಕೆ ಅಳೆದ ಲವಣಾಂಶದೊಂದಿಗೆ ಹೋಲಿಸಬೇಕು. ಆ ನೌಕೆಯ ಅಂಕಿ ನಿಂತಿರುವುದು ಯಾರೋ ಒಬ್ಬ ವಿದ್ಯಾರ್ಥಿ ತುಂಬಿದ ಬಾಟಲಿಯ ಮೇಲೆ. ಹಿಂದಿನ ನೀರು ಆರಿ ಬಾಟಲಿಯ ಗೋಡೆಗೆ ಅಂಟಿದ ಉಪ್ಪು ಹೊಸ ನೀರಿಗೆ ಸೇರಿದರೆ ಅಂಕಿ ಏರುತ್ತದೆ. ಲವಣಾಂಶವೆಂದರೆ ಒಂದು ಕಿಲೊ ನೀರಿನಲ್ಲಿ ಸುಮಾರಾಗಿ ಎಷ್ಟು ಗ್ರಾಂ ಉಪ್ಪಿದೆ ಎಂಬ ಲೆಕ್ಕ; ಅದರಲ್ಲಿ ಆರ್ಗೊ ಬಯಸುವ ನಿಖರತೆ 0.01. ನನ್ನ ಎರಡು ಬಾಟಲಿಗಳನ್ನು ನೆನೆದು ಕುರ್ಚಿಯಲ್ಲೇ ಕುಗ್ಗಿದೆ.

ಈ ಸರಪಳಿಯ ತುದಿಯಲ್ಲಿ ಇನ್ನೊಂದು ಬಾಟಲಿಯಿದೆ. ಲವಣಾಂಶಮಾಪಕವನ್ನು ಹೊಂದಿಸಲು ಜಗತ್ತಿನ ಪ್ರಯೋಗಾಲಯಗಳು ಒಂದೇ ಮೂಲದ ಮಾನಕ ಸಮುದ್ರನೀರನ್ನು ಬಳಸುತ್ತವೆ. ಕಳೆದ ಶತಮಾನದ ಆರಂಭದಿಂದ 1970ರ ದಶಕದವರೆಗೆ ಕೋಪನ್‌ಹೇಗನ್‌ನಲ್ಲಿ, ಅನಂತರ ಇಂಗ್ಲೆಂಡಿನಲ್ಲಿ, ಉತ್ತರ ಅಟ್ಲಾಂಟಿಕ್‌ನ ನೀರನ್ನು ಸೋಸಿ, ಹದಗೊಳಿಸಿ, ಮುಚ್ಚಿ ಕಳಿಸುತ್ತಾ ಬಂದಿದ್ದಾರೆ. ಅಂತರರಾಷ್ಟ್ರೀಯ ಸಹಕಾರ ಎಂದರೆ ಬಾವುಟಗಳ ಸಾಲು, ಕೈಕುಲುಕುವ ಫೋಟೊ ಎಂದುಕೊಂಡಿದ್ದ ನನಗೆ ಅದು ಒಂದೇ ಸೇರು, ಒಂದೇ ಪಾವು ಎಂದು ಎಲ್ಲರೂ ಒಪ್ಪಿಕೊಳ್ಳುವುದು ಎಂದು ಹೊಳೆದದ್ದು ಇಲ್ಲಿ. ಸಂತೆಯಲ್ಲಿ ಒಬ್ಬೊಬ್ಬರು ಒಂದೊಂದು ಸೇರು ಹಿಡಿದು ಕೂತರೆ ಜೋಳದ ರಾಶಿ ಎಷ್ಟೆಂದು ಯಾರೂ ಹೇಳಲಾಗದು.

ಯುವಕರನ್ನು ತಯಾರು ಮಾಡುವ ಕೆಲಸವೂ ಇದೇ ಒಪ್ಪಂದದ ಭಾಗವಾಗಿ ನಡೆದುಬಂದಿದೆ. 1960ರ ಆಸುಪಾಸಿನಲ್ಲಿ ಶುರುವಾಗಿ 1965ರವರೆಗೆ ನಡೆದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅಭಿಯಾನದಲ್ಲಿ 40ಕ್ಕೂ ಹೆಚ್ಚು ನೌಕೆಗಳು ಪಾಲ್ಗೊಂಡವು. ತೇಲುಜೀವಿಗಳನ್ನು ಹಿಡಿಯಲು ಎಲ್ಲ ನೌಕೆಗಳಿಗೂ ಒಂದೇ ಅಳತೆಯ ಬಲೆಯನ್ನು ಗೊತ್ತುಮಾಡಲಾಗಿತ್ತು. ಆ ಮಾದರಿಗಳನ್ನು ವಿಂಗಡಿಸಲು ಯುನೆಸ್ಕೊ ನೆರವಿನಿಂದ ಕೊಚ್ಚಿಯಲ್ಲಿ ಕೇಂದ್ರವೊಂದು ತೆರೆಯಿತು. ವಿದೇಶಿ ತಜ್ಞರ ಜೊತೆ ಸೂಕ್ಷ್ಮದರ್ಶಕದ ಮುಂದೆ ಕೂತು ಜೀವಿಗಳನ್ನು ಗುರುತಿಸುವುದನ್ನು ಕಲಿತವರು ನಮ್ಮವರೇ ಆದ ಎಳೆಯ ವಿಜ್ಞಾನಿಗಳು. ಅಭಿಯಾನ ಮುಗಿದ ಮರುವರ್ಷವೇ, 1966ರಲ್ಲಿ, ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಹೊರಗಿನವರು ಬಂದು ಮಾದರಿ ತುಂಬಿಕೊಂಡು ಹೋಗಿಬಿಟ್ಟಿದ್ದರೆ ಆ ತಲೆಮಾರು ತಯಾರಾಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

ಹೈದರಾಬಾದಿನ ನಮ್ಮ ತಂಡದಲ್ಲಿ ಶ್ರೀಲಂಕಾ, ಬಾಂಗ್ಲಾದೇಶ, ಕೆನ್ಯಾದವರಿದ್ದರು. ಮೊಂಬಾಸಾದಿಂದ ಬಂದ ಸಂಶೋಧಕಿಯೊಬ್ಬರು ಬಂಗಾಳ ಕೊಲ್ಲಿಯ ಉತ್ತರ ಭಾಗದ ಒಂದು ನಕ್ಷೆ ತೆಗೆದು, ಮೇಲ್ಪದರದ ಲವಣಾಂಶ 30ಕ್ಕಿಂತ ಕೆಳಗಿರುವುದನ್ನು ಕಂಡು, ಯಂತ್ರ ಕೆಟ್ಟಿರಬೇಕು ಎಂದರು. ಕೆಟ್ಟಿರಲಿಲ್ಲ. ಮಳೆಗಾಲದ ನಂತರ ಗಂಗಾ, ಬ್ರಹ್ಮಪುತ್ರ, ಐರಾವತಿಗಳ ಸಿಹಿನೀರು ಉಪ್ಪುನೀರಿನ ಮೇಲೆ ತೆಳ್ಳಗೆ ಹಾಸಿಕೊಂಡಿರುತ್ತದೆ. ಅರಬ್ಬೀ ಸಮುದ್ರದಲ್ಲಾದರೆ ಅದೇ ಅಂಕಿ 36ರ ಹತ್ತಿರ ಇರುತ್ತದೆ. ನಮ್ಮೂರಿನ ತುಂಗಭದ್ರೆ ಸೇರುವ ಕೃಷ್ಣೆಯೂ ಆ ಕೊಲ್ಲಿಗೇ ಹೋಗುತ್ತಾಳೆ ಎಂದು ನಾನು ಹೆಮ್ಮೆಯಿಂದ ಸೇರಿಸಿದೆ. ಅಣೆಕಟ್ಟುಗಳನ್ನೆಲ್ಲ ದಾಟಿ ತಲುಪುವ ಅವಳ ಪಾಲು ಬಹಳ ಸಣ್ಣದೆಂಬುದನ್ನು ಮಾತ್ರ ಹೇಳಲಿಲ್ಲ. ಅನುಮಾನ ಬಂದ ಅಂಕಿಯನ್ನು ಅಳಿಸಬಾರದು, ಪಕ್ಕದಲ್ಲಿ ಗುರುತು ಹಾಕಬೇಕು ಎಂಬ ನಿಯಮವನ್ನೂ ಅಂದೇ ಕಲಿತದ್ದು: 1 ಎಂದರೆ ಒಳ್ಳೆಯದು, 2 ಎಂದರೆ ಬಹುಶಃ ಒಳ್ಳೆಯದು, 3 ಎಂದರೆ ಬಹುಶಃ ಕೆಟ್ಟದ್ದು, 4 ಎಂದರೆ ಕೆಟ್ಟದ್ದು.

ಇಷ್ಟು ಹೊಗಳಿದ ಮೇಲೆ ತಕರಾರನ್ನೂ ಹೇಳಬೇಕು. ವಾರದ ತರಬೇತಿಯಿಂದ ಕಣ್ಣು ತೆರೆಯುತ್ತದೆಯೇ ಹೊರತು ಕೈ ಪಳಗುವುದಿಲ್ಲ. ಜರ್ಮನಿಯ ಹೆಲ್ಗೊಲ್ಯಾಂಡ್ ದ್ವೀಪದಲ್ಲಿ 2013ರಲ್ಲಿ ಶುರುವಾದ, ಜಪಾನಿನ ನಿಪ್ಪಾನ್ ಪ್ರತಿಷ್ಠಾನ ಮತ್ತು ಸಾಗರ ಸಂಶೋಧನಾ ಸಂಸ್ಥೆಗಳ ಒಕ್ಕೂಟವಾದ ಪೋಗೊದ ತರಬೇತಿ ಕಾರ್ಯಕ್ರಮದಂಥವು ಬೇರೆಯೇ ಮಾತು. ಅಲ್ಲಿಗೆ ವರ್ಷಕ್ಕೆ ಹತ್ತು ಜನರನ್ನು ಮಾತ್ರ ಆರಿಸುತ್ತಿದ್ದರು, ಆದರೆ ಹತ್ತು ತಿಂಗಳ ಮಟ್ಟಿಗೆ. ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ಹಂಚುವುದಕ್ಕಿಂತ ಕೆಲವರಿಗೆ ಪೂರ್ತಿ ಬಡಿಸುವುದೇ ಸರಿ ಎಂದು ನನಗೆ ಅನ್ನಿಸುತ್ತದೆ. ನಾನು ಆಯ್ಕೆಯಾಗದಿದ್ದರೂ ಹಾಗೆಯೇ ಅನ್ನುತ್ತೇನೆ. ಬೇರೆ ಒಂದು ಮೂರು ವಾರಗಳ ಹೊರದೇಶದ ತರಬೇತಿಗೆ ಆಯ್ಕೆಯಾಗಿದ್ದೆ. ವೀಸಾ ಸಂದರ್ಶನಕ್ಕೆ ಸಿಕ್ಕ ದಿನಾಂಕ ತರಬೇತಿ ಶುರುವಾದ ನಾಲ್ಕನೆಯ ದಿನದ್ದಾಗಿತ್ತು. ಹೊಲಿಸಿದ್ದ ಕೋಟು ಇನ್ನೂ ಗೂಟಕ್ಕೆ ನೇತಾಡುತ್ತಿದೆ.

ಅದಕ್ಕಿಂತ ದೊಡ್ಡ ಕೊರತೆ ಮರಳಿ ಬಂದ ಮೇಲಿನದು. ವಿಶ್ವಸಂಸ್ಥೆ 2021ರಿಂದ 2030ರವರೆಗಿನ ಅವಧಿಯನ್ನು ಸಾಗರ ವಿಜ್ಞಾನದ ದಶಕವೆಂದು ಘೋಷಿಸಿದೆ, ಅದರಲ್ಲಿ ವೃತ್ತಿಯ ಮೊದಲ ಹಂತದಲ್ಲಿರುವವರಿಗಾಗಿಯೇ ಒಂದು ಕಾರ್ಯಕ್ರಮವೂ ಇದೆ. ಆದರೆ ಪ್ರಮಾಣಪತ್ರ ಹಿಡಿದು ಬಂದವನಿಗೆ ಉಪಕರಣ ಇಲ್ಲದಿದ್ದರೆ ಆರು ತಿಂಗಳಲ್ಲಿ ಕಲಿತದ್ದು ತುಕ್ಕು ಹಿಡಿಯುತ್ತದೆ. ನಾನು ಹಿಂತಿರುಗಿದಾಗ ಕಾಲೇಜಿನಲ್ಲಿದ್ದ ವಾಹಕತಾ ಮಾಪಕದ ಹೊಂದಾಣಿಕೆ ದ್ರಾವಣದ ಅವಧಿ ಎಂದೋ ಮುಗಿದಿತ್ತು. ನನ್ನನ್ನು ಉಳಿಸಿದ್ದು ಉಚಿತ ದತ್ತಾಂಶ, ಒಂದು ಹಳೆಯ ಲ್ಯಾಪ್‌ಟಾಪ್ ಮತ್ತು ಮೊಂಬಾಸಾದ ಆ ಗೆಳತಿ. ಅನುಮಾನದ ನಕ್ಷೆಗಳನ್ನು ಈಗಲೂ ನಾವು ವಾಟ್ಸಾಪಿನಲ್ಲಿ ಹಂಚಿಕೊಂಡು ಜಗಳವಾಡುತ್ತೇವೆ.

ಹೊಸ ದ್ರಾವಣವನ್ನು ಕೊನೆಗೆ ನಾನೇ ಕೊಂಡು ತಂದೆ. ನಮ್ಮ ಕಡೆ ಅದಕ್ಕೆ ಕೆಲಸವಿದೆ: ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎಷ್ಟೋ ಗದ್ದೆಗಳು ಸವಳು ಹಿಡಿದಿವೆ, ಮತ್ತು ಸವಳನ್ನು ಅಳೆಯುವುದೂ ಸಮುದ್ರವನ್ನು ಅಳೆಯುವುದೂ ಒಂದೇ ಗುಣದಿಂದ, ನೀರು ವಿದ್ಯುತ್ತನ್ನು ಎಷ್ಟು ಹಾಯಿಸುತ್ತದೆ ಎಂಬುದರಿಂದ. ನೀರಿನಲ್ಲಿ ನೆನೆಸಿದ ಮಣ್ಣಿನಿಂದ ತೆಗೆದ ಸಾರದ ವಾಹಕತೆ ಮೀಟರಿಗೆ 4 ಡೆಸಿ ಸೀಮೆನ್ ದಾಟಿದರೆ ಅದು ಸವಳು ನೆಲ. ಸಮುದ್ರದ ನೀರು ಸುಮಾರು 50ರಲ್ಲಿ ನಿಲ್ಲುತ್ತದೆ.

ಕಳೆದ ತಿಂಗಳು ಮಾನ್ವಿ ಕಡೆಯ ವಿದ್ಯಾರ್ಥಿನಿಯೊಬ್ಬಳು ಸಾಗರ ದತ್ತಾಂಶದ ಆರಂಭಿಕ ತರಬೇತಿಯೊಂದಕ್ಕೆ ಅರ್ಜಿ ತುಂಬುತ್ತಾ ಒಂದು ಅಂಕಣದ ಮುಂದೆ ನಿಂತಳು. ಕ್ಷೇತ್ರಕಾರ್ಯದ ಅನುಭವ ಬರೆಯಿರಿ ಎಂದಿತ್ತು. "ಸರ್, ಇಲ್ಲಿ ಏನ್ ಬರೀಲಿರೀ? ನಾ ಸಮುದ್ರಾನ ನೋಡಿಲ್ಲ." ನಾನು ಅವಳ ಪ್ರಯೋಗದ ಪುಸ್ತಕ ತರಿಸಿದೆ. ಅವಳಪ್ಪನ ಗದ್ದೆಗೆ ಬರುವ ಕಾಲುವೆಯ ನೀರು, ಗದ್ದೆಯೊಳಗಿನ ನೀರು, ಬಸಿಗಾಲುವೆಯ ನೀರು, ಹೀಗೆ ಮೂರು ಜಾಗದ ವಾಹಕತೆಯನ್ನು ದಿನಾಂಕ, ಸಮಯ, ಉಷ್ಣತೆಯೊಂದಿಗೆ ಬರೆದಿಟ್ಟಿದ್ದಳು. ಇದನ್ನೇ ಬರೆ ಎಂದೆ. ಬಸಿಗಾಲುವೆಯ ಅಂಕಿಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ, "ಕತ್ತಲಾಗಿತ್ತು, ಬಾಟಲಿಯನ್ನು ಒಂದೇ ಸಲ ತೊಳೆದೆ" ಎಂದಿತ್ತು. ಅದನ್ನು ಹೊಡೆದು ಹಾಕಲೇ ಎಂದು ಕೇಳಿದಳು. ಬೇಡ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಅಂಕಿಯ ಮುಂದೆ ಸಣ್ಣದಾಗಿ 3 ಎಂದು ಬರೆದಳು.