ಎಲ್ಲರೂ ಒಂದೇ ಅಂದ್ರೆ ಮುಗೀತಲ್ವಾ?

ಇಲ್ಲ. ಮುಗಿಯೋದಿಲ್ಲ.

ಇಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಬ್ಯಾಂಕಿನ ಕ್ಯೂನಲ್ಲಿ, ಸಂತೆಯಲ್ಲಿ, ಬಸ್ಸಿನ ಪಕ್ಕದ ಸೀಟಿನಿಂದ, ಮನೆಗೆ ಬಂದ ನೆಂಟರ ಬಾಯಿಂದ, ನಾನು ಕಲಿಸುವ ವಿಷಯ ಕೇಳಿದವರಿಂದೆಲ್ಲ ಈ ಪ್ರಶ್ನೆ ಬರುತ್ತಲೇ ಇದೆ. ಬಾಯಲ್ಲಿ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಹಾಗಾಗಿ ಒಮ್ಮೆ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಲಿಂಕ್ ಕಳಿಸಿ ನನ್ನ ಪಾಡಿಗೆ ಚಹಾ ಕುಡಿಯುತ್ತೇನೆ.

ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಎಂ.ಕಾಂ, ಎಂಬಿಎ ಮಕ್ಕಳಿಗೆ ಎಚ್‌ಆರ್, ಅಂದರೆ ಸಿಬ್ಬಂದಿ ನಿರ್ವಹಣೆಯ ಪಾಠ ಮಾಡುತ್ತೇನೆ. ಅದರಲ್ಲಿ ಒಂದು ಪೇಪರ್ ಡೈವರ್ಸಿಟಿ, ಇಕ್ವಿಟಿ, ಇನ್‌ಕ್ಲೂಷನ್ ಬಗ್ಗೆ. ಕೆಲಸದ ಜಾಗದಲ್ಲಿ ಥರಥರದ ಜನ ಇರಬೇಕು, ಅವರವರಿಗೆ ಬೇಕಾದ ಅನುಕೂಲ ಸಿಗಬೇಕು, ಇದ್ದವರನ್ನು ಮೂಲೆಗೆ ಕೂರಿಸದೆ ಮಾತಿಗೂ ಕರೆಯಬೇಕು. ಇಷ್ಟೇ ಅದರ ತಿರುಳು. ಕೊನೆಯದಕ್ಕೆ ಕನ್ನಡದಲ್ಲಿ ‘ಒಳಗೊಳ್ಳುವಿಕೆ’ ಅಂತ ಒಂದು ಪದ ಇದೆ. ಅದನ್ನು ಬೋರ್ಡ್ ಮೇಲೆ ಬರೆದ ದಿನ ಗದಗಿನ ಹುಡುಗನೊಬ್ಬ, “ಒಳಗ ಕರಕೊಳ್ಳೂದು ಅಂತ ಬರೀರಿ ಮೇಡಂ, ಲಗೂನ ತಿಳೀತದ” ಎಂದ. ಅಂದಿನಿಂದ ಹಾಗೇ ಬರೆಯುತ್ತೇನೆ.

ಈಗ ಪ್ರಶ್ನೆಗೆ ಬರೋಣ. ಹುಬ್ಬಳ್ಳಿಯ ನವನಗರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರು ರಿಟೈರ್ ಆದ ಹಿರಿಯರು. ನಾನು ಏನು ಕಲಿಸುತ್ತೇನೆ ಅಂತ ಕೇಳಿದರು. ಹೇಳಿದೆ. ಅವರು ನಕ್ಕರು. “ಎಲ್ಲಾರೂ ಒಂದ ಅಂತ ಹೇಳಿದ್ರ ಐದು ನಿಮಿಷದಾಗ ಮುಗೀತಲ್ರಿ. ಅದಕ್ಕೊಂದು ಸೆಮಿಸ್ಟರ್ ಯಾಕ?” ಅಷ್ಟರಲ್ಲಿ ಎಣ್ಣೆಗಾಯಿ ಬಂತು, ನಾನು ಬಚಾವಾದೆ. ಎರಡು ತುತ್ತು ಆಗಿರಬೇಕು. “ಅಂದಂಗ, ನಿಮ್ಮ ಅಡ್ಡಹೆಸರು ಏನಂದ್ರಿ?”

ಹೇಳಿದೆ.

“ಅಂದ್ರ ಯಾರ ಪೈಕಿ ಆತು?”

ಅದನ್ನು ಹೇಳಲಿಲ್ಲ. ಅವರು ಬಿಡಲಿಲ್ಲ. ಅನ್ನ ಸಾರು ಮುಗಿಯುವುದರೊಳಗೆ ಮೂರು ಊರು, ನಾಲ್ಕು ಮನೆತನ ಹಿಡಿದು ಜಾಡು ಹುಡುಕುತ್ತಾ ಬಂದು ಕೊನೆಗೂ ಕಂಡುಹಿಡಿದರು. ಸಿಕ್ಕ ಕೂಡಲೇ ಮುಖದಲ್ಲಿ ಎಂಥಾ ನೆಮ್ಮದಿ ಅಂತೀರಿ! ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಕೆಟ್ಟವರಲ್ಲ ಅವರು. ಕೈ ತೊಳೆಯಲು ಹೋದಾಗ ನನ್ನ ಬ್ಯಾಗ್ ಕಾದುಕೊಂಡು ನಿಂತಿದ್ದರು. ಆದರೆ ಎಲ್ಲರೂ ಒಂದೇ ಅಂತ ಹೇಳಿದ ಬಾಯಿಗೆ, ಇವಳು ಯಾರು ಅಂತ ತಿಳಿಯುವವರೆಗೆ ಊಟ ರುಚಿಸಲಿಲ್ಲ. ನನ್ನ ಸೆಮಿಸ್ಟರ್ ಪೂರ್ತಿ ಇರೋದು ಈ ಎರಡು ತುತ್ತಿನ ನಡುವೆಯೇ.

ಬೆಂಗಳೂರು, ಮೈಸೂರಿನ ಕಡೆಯವರಿಗೆ ಇದು ಅಷ್ಟು ಬೇಗ ಅರ್ಥ ಆಗೋದಿಲ್ಲ. ಅಲ್ಲಿ ಹೆಸರಿನ ಜೊತೆ ಇನಿಶಿಯಲ್ ಇರುತ್ತದೆ. ನಮ್ಮ ಕಡೆ ಅಡ್ಡಹೆಸರು. ಬಡಿಗೇರ, ಕಂಬಾರ, ಹೂಗಾರ, ಅಂಗಡಿ, ಮಾದರ, ನದಾಫ, ಕುಲಕರ್ಣಿ, ಪಾಟೀಲ. ಮಾಡುತ್ತಿದ್ದ ಕಸುಬೇ ಹೆಸರಾಗಿ ಅಂಟಿಕೊಂಡಿದೆ. ಮರಿಮೊಮ್ಮಗ ಜಾವಾ ಕೋಡ್ ಬರೆಯುತ್ತಿದ್ದರೂ ಹೆಸರು ಇನ್ನೂ ಉಳಿಬಾಚಿ ಹಿಡಿದುಕೊಂಡೇ ಬರುತ್ತದೆ. ನನಗೆ ಈ ಹೆಸರುಗಳು ಇಷ್ಟ. ಇಷ್ಟು ಚಂದದ ಹೆಸರು ಬೇರೆಲ್ಲೂ ಇಲ್ಲ. ತೊಂದರೆ ಇರೋದು ಕೇಳಿದವರ ಕಿವಿಯಲ್ಲಿ.

ಇದನ್ನೇ ಪಾಠ ಮಾಡೋಣ ಅಂತ ಒಮ್ಮೆ ಆರು ಸಿವಿ ತಯಾರಿಸಿದೆ. ಆರೂ ಬಿ.ಕಾಂ, ಆರಕ್ಕೂ ಅದೇ ಪರ್ಸೆಂಟೇಜ್, ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಬರುತ್ತದೆ, ಒಂದು ವರ್ಷದ ಅನುಭವ. ಹೆಸರು ಮಾತ್ರ ಬೇರೆ ಬೇರೆ. ಕ್ಲಾಸನ್ನು ನಾಲ್ಕು ಗುಂಪು ಮಾಡಿ, ಹುಬ್ಬಳ್ಳಿಯ ಒಂದು ಆಫೀಸಿಗೆ ಅಕೌಂಟ್ಸ್ ಅಸಿಸ್ಟೆಂಟ್ ಬೇಕು, ಇಬ್ಬರನ್ನು ಇಂಟರ್‌ವ್ಯೂಗೆ ಕರೆಯಿರಿ ಎಂದೆ. ಮೂರು ಗುಂಪು ಅದೇ ಇಬ್ಬರನ್ನು ಆರಿಸಿದವು. ಯಾರು ಆ ಇಬ್ಬರು ಅಂತ ಹೇಳೋದಿಲ್ಲ. ಮೇಲಿನ ಪಟ್ಟಿ ಓದುವಾಗ ನಿಮ್ಮ ಮನಸ್ಸಿಗೆ ಬಂದ ಇಬ್ಬರು ಯಾರು, ಅದನ್ನು ನೋಡಿಕೊಳ್ಳಿ.

ಕಾರಣ ಕೇಳಿದೆ. “ಈ ಸಿವಿ ನೀಟ್ ಅದ ಮೇಡಂ.” ಆರೂ ಒಂದೇ ಪ್ರಿಂಟರಿನಿಂದ ಬಂದವು. “ಈತ ನಂಬಿಗಸ್ತ ಅನಸ್ತಾನ.” ಒಂದು ಎ-ಫೋರ್ ಹಾಳೆಯಲ್ಲಿ ನಂಬಿಕೆ ಎಲ್ಲಿಂದ ಬಂತಪ್ಪಾ ಅಂದರೆ ಉತ್ತರ ಇಲ್ಲ.

ನಮ್ಮ ಹುಡುಗರೇ ಕೆಟ್ಟವರು ಅಂತಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅನ್ನುವ ಇಬ್ಬರು ಸಂಶೋಧಕರು ಇದನ್ನು ನಿಜವಾದ ಕಂಪನಿಗಳ ಮೇಲೆ ಮಾಡಿ ನೋಡಿದ್ದರು. ಪೇಪರಿನಲ್ಲಿ ಬಂದ ಖಾಸಗಿ ಕೆಲಸದ ಜಾಹೀರಾತುಗಳಿಗೆ ಒಂದೇ ಮಟ್ಟದ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿದರು. ದಲಿತ ಹೆಸರಿಗೂ ಮುಸ್ಲಿಂ ಹೆಸರಿಗೂ ಕರೆ ಬರುವ ಸಾಧ್ಯತೆ ಕಡಿಮೆ ಇತ್ತು. 2007ರಲ್ಲಿ ಅದು ಪ್ರಕಟವಾಯಿತು.

“ಹಂಗಾದ್ರ ಇದು ರಿಸರ್ವೇಶನ್ ಪಾಠನೇನ್ರಿ?” ಇದು ಎರಡನೇ ಪ್ರಶ್ನೆ. ಧ್ವನಿ ತಗ್ಗಿಸಿ ಕೇಳುತ್ತಾರೆ, ಯಾರಿಗೋ ಕಾಯಿಲೆ ಬಂದ ಹಾಗೆ. ಅಲ್ಲ. ಸರ್ಕಾರಿ ನೌಕರಿಯ ಮೀಸಲಾತಿ ಸಂವಿಧಾನದ 16ನೇ ವಿಧಿಯ ಮಾತು. ಆ ನಿಯಮ ಖಾಸಗಿ ಕಂಪನಿಗೆ ಇಲ್ಲ. ಅಲ್ಲಿ ಯಾರನ್ನು ಕರೆಯಬೇಕು ಅನ್ನೋದು ನಾಳೆ ನನ್ನ ಕ್ಲಾಸಿನಿಂದಲೇ ಎಚ್‌ಆರ್ ಆಗಿ ಹೋಗುವ ಹುಡುಗಿಯ ಮೇಜಿನ ಮೇಲೆ ತೀರ್ಮಾನ ಆಗುತ್ತದೆ. ಅವಳ ಕಣ್ಣು ಯಾವ ಹೆಸರಿನ ಮೇಲೆ ನಿಲ್ಲುತ್ತದೆ ಅಂತ ಅವಳಿಗೇ ಗೊತ್ತಿರಲಿ ಅಂತ ನನ್ನ ಒದ್ದಾಟ.

ಆ ಸಿವಿ ದಿನ ಹಿಂದಿನ ಬೆಂಚಿನ ಬ್ಯಾಡಗಿ ಹುಡುಗನೊಬ್ಬ ಎದ್ದು ನಿಂತ. “ನೀವು ಬೇಕಂತ್ಲೇ ಜಾತಿ ತಂದ್ರಿ ಮೇಡಂ. ಇಲ್ಲಾಂದ್ರ ನಮಗ ಅದು ನೆನಪs ಆಗ್ತಿರಲಿಲ್ಲ.” ಸಿಟ್ಟು ಬಂತು. ನೆನಪಾಗದೆ ಇರುವ ಅನುಕೂಲ ಯಾರಿಗೆ ಇರುತ್ತದೆ ಅಂತ ಹತ್ತು ನಿಮಿಷ ಭಾಷಣ ಬಿಗಿದೆ. ಭಾಷಣ ಚೆನ್ನಾಗಿತ್ತು ಅಂತ ನಾನೇ ಬೆನ್ನು ತಟ್ಟಿಕೊಂಡೆ.

ಸಂಜೆ ಸ್ಟಾಫ್ ರೂಮಿನ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಒಳಗೆ ಬರಲಿಲ್ಲ. “ಮೇಡಂ, ಹಾಜರಿ ಕರಿಯೂ ಮುಂದ ನನ್ನ ಹೆಸರಷ್ಟ ಕರೀರಿ.”

ಆ ಕ್ಲಾಸಿನಲ್ಲಿ ನಾಲ್ಕು ಜನ ಪೂಜಾ ಇದ್ದರು. ಗೊಂದಲ ಬೇಡ ಅಂತ ನಾಲ್ವರನ್ನೂ ಅಡ್ಡಹೆಸರಿನಿಂದಲೇ ಕರೆಯುತ್ತಿದ್ದೆ. ದಿನಾ, ಜೋರಾಗಿ, ನಾಲ್ಕು ತಿಂಗಳು. ಅವಳು ಪ್ರತಿ ಸಲ “ಎಸ್ ಮೇಡಂ” ಅಂತ ತಲೆ ತಗ್ಗಿಸಿ ಹೇಳುತ್ತಿದ್ದುದು ನಾಚಿಕೆ ಸ್ವಭಾವ ಅಂತ ತಿಳಿದಿದ್ದೆ. ಇದನ್ನು ಕಲಿಸುವವಳು ನಾನು!

ಮರುದಿನದಿಂದ ರೋಲ್ ನಂಬರ್ ಕರೆದೆ. “ಜೈಲಿನಂಗ ಆತು ಮೇಡಂ” ಅಂತ ಎಲ್ಲರೂ ಗೊಣಗಿದರು. ಕೊನೆಗೆ ಊರು ಹಿಡಿದೆವು. ಅಣ್ಣಿಗೇರಿ ಪೂಜಾ, ಕುಂದಗೋಳ ಪೂಜಾ, ಹಾನಗಲ್ಲ ಪೂಜಾ, ಮುಂಡರಗಿ ಪೂಜಾ. ಬಾಗಿಲಲ್ಲಿ ನಿಂತಿದ್ದವಳು ಇವರಲ್ಲಿ ಯಾರು ಅಂತ ಕೇಳಬೇಡಿ. ಕೇಳಿದರೆ ನೀವೂ ಮದುವೆ ಮನೆಯ ಹಿರಿಯರೇ.

ಇಕ್ವಿಟಿ ಅಂದರೇನು ಅಂತ ಕೇಳಿದರೆ ಬೇಲಿಯಾಚೆಯ ಆಟ ಎಲ್ಲರಿಗೂ ಕಾಣಲಿ ಅಂತ ಗಿಡ್ಡ ಮಗುವಿಗೆ ಹೆಚ್ಚು ಡಬ್ಬ ಕೊಟ್ಟು ನಿಲ್ಲಿಸಿದ ಮೂರು ಮಕ್ಕಳ ಚಿತ್ರ ತೋರಿಸುತ್ತಾರೆ. ನನಗೆ ಆ ಚಿತ್ರ ನೋಡಿ ನೋಡಿ ವಾಕರಿಕೆ ಬಂದಿದೆ. ನಮ್ಮ ಊರಲ್ಲೇ ಚಿಗರಿ, ಅಂದರೆ ಹುಬ್ಬಳ್ಳಿ-ಧಾರವಾಡದ ನಡುವಿನ ಬಿಆರ್‌ಟಿಎಸ್ ಬಸ್ಸು, ಓಡಾಡುತ್ತಿರುವಾಗ ಆ ಬೇಲಿ ಯಾಕೆ? ಹಳೇ ಕೆಂಪು ಬಸ್ಸಿಗೆ ಎಲ್ಲರಿಗೂ ಅದೇ ಮೆಟ್ಟಿಲು. ಸಮಾನತೆಯೇ ಸರಿ. ಮಂಡಿನೋವಿನ ಅಜ್ಜಿ ಮಾತ್ರ ಕೆಳಗೇ ನಿಲ್ಲುತ್ತಾಳೆ. ಚಿಗರಿಯ ನಿಲ್ದಾಣದಲ್ಲಿ ಪ್ಲಾಟ್‌ಫಾರಂ ಬಸ್ಸಿನ ನೆಲದ ಎತ್ತರಕ್ಕೇ ಇದೆ. ವೀಲ್‌ಚೇರ್ ಸೀದಾ ಒಳಗೆ ಹೋಗುತ್ತದೆ. ಅಜ್ಜಿಯೂ ಹೋಗುತ್ತಾಳೆ, ಅವಳ ಜೋಳದ ಚೀಲವೂ ಹೋಗುತ್ತದೆ, ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡ ನಾನೂ ಹೋಗುತ್ತೇನೆ. ಯಾರಿಗೂ ಉಪಕಾರ ಮಾಡಿದ ಹಾಗೆ ಕಾಣೋದಿಲ್ಲ. ಬಿಆರ್‌ಟಿಎಸ್ ಬಗ್ಗೆ ಊರಿಗೆ ನೂರು ತಕರಾರಿವೆ, ನನಗೂ ಎರಡಿವೆ. ಆದರೆ ಆ ಪ್ಲಾಟ್‌ಫಾರಂ ವಿಷಯಕ್ಕೆ ಬಂದರೆ ನಾನು ಚಿಗರಿ ಕಡೆ.

ಈ ಪಾಠವನ್ನು ನಾನು ಮಾಡಿದ್ದು ಎರಡನೇ ಮಹಡಿಯ ಕ್ಲಾಸಿನಲ್ಲಿ. ಲಿಫ್ಟ್ ಇಲ್ಲ. ನಗಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು, ಕಲಿಕೆಯ ತೊಂದರೆಯಂಥ ಕಣ್ಣಿಗೆ ಕಾಣದವನ್ನೂ ಸೇರಿಸಿತು ಅಂತ ನಾನು ಹೇಳುತ್ತಿದ್ದಾಗ ಕಾಲಿಗೆ ಆಧಾರದ ಕ್ಯಾಲಿಪರ್ ಹಾಕಿದ ಒಬ್ಬ ಹುಡುಗ ಇನ್ನೂ ಮೆಟ್ಟಿಲ ಮೇಲಿದ್ದ. ಈಗ ಆ ಕ್ಲಾಸ್ ಕೆಳಗೆ ಬಂದಿದೆ. ಅದಕ್ಕೆ ಮೂರು ಅರ್ಜಿ ಬರೆದಿದ್ದೇನೆ.

ಇನ್ನು ನಮ್ಮ ಕಡೆ ಈ ವಿಷಯದಲ್ಲಿ ಭಾಷಣಕ್ಕೆ ಬಂದವರೆಲ್ಲ ಸುಧಾ ಮೂರ್ತಿಯವರ ಪೋಸ್ಟ್‌ಕಾರ್ಡ್ ಕತೆ ಹೇಳಿಯೇ ಹೋಗುತ್ತಾರೆ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿದ, ಶಿಗ್ಗಾವಿಯಲ್ಲಿ ಹುಟ್ಟಿದ ಹೆಣ್ಣುಮಗಳು. ಮಹಿಳೆಯರು ಅರ್ಜಿ ಹಾಕಬೇಡಿ ಅಂತ ಇದ್ದ ಜಾಹೀರಾತು ನೋಡಿ 1974ರಲ್ಲಿ ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡ್ ಬರೆದರು, ಕೆಲಸ ಸಿಕ್ಕಿತು. ಒಳ್ಳೆಯ ಕತೆ. ಹುಡುಗರು ಚಪ್ಪಾಳೆ ತಟ್ಟಿ, “ಅಂದ್ರ ಅದು ಅವಾಗs ಬಗೆಹರೀತು” ಅಂತ ಕ್ಯಾಂಟೀನಿಗೆ ಹೋಗುತ್ತಾರೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಗ ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲ ಅಂತ ಅವರೇ ಹೇಳಿಕೊಂಡಿದ್ದಾರಲ್ಲ, ಆ ಭಾಗ ಯಾರೂ ಹೇಳೋದಿಲ್ಲ. ಪೋಸ್ಟ್‌ಕಾರ್ಡ್ ಒಬ್ಬರು ಒಮ್ಮೆ ಬರೆದರೆ ಸಾಕು. ಶೌಚಾಲಯ ದಿನಾ ಬೇಕು.

ನಿಜ ಹೇಳಬೇಕೆಂದರೆ, ಯಾಕೆ ಕಲಿಸುತ್ತೀರಿ ಅನ್ನೋದಕ್ಕಿಂತ, ಕೆಲಸಕ್ಕೆ ಸೇರಿದ ಮೇಲೆ ಈ ಮಕ್ಕಳು ಫೋನ್ ಮಾಡಿ ಏನು ಕೇಳುತ್ತಾರೆ ಅಂತ ಯಾರಾದರೂ ಕೇಳಲಿ ಅಂತ ನನಗೆ ಆಸೆ. ಇದುವರೆಗೆ ಒಬ್ಬರೂ ಕೇಳಿಲ್ಲ. ಆದರೂ ಹೇಳುತ್ತೇನೆ.

ಹೆಣ್ಣುಮಕ್ಕಳು ಕೇಳೋದು ಕಮಿಟಿ ಬಗ್ಗೆ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ದೂರು 3 ತಿಂಗಳೊಳಗೆ ಕೊಡಬೇಕು. ಇದನ್ನು ಪರೀಕ್ಷೆಗೆ ಎಲ್ಲರೂ ಬರೆದಿರುತ್ತಾರೆ. ಆದರೆ “ನಮ್ಮಲ್ಲಿ ಎಂಟು ಮಂದಿ ಅಷ್ಟ ಇದ್ದೀವಿ ಮೇಡಂ” ಅಂತ ಪಿಸುಗುಟ್ಟುವ ಧ್ವನಿ ಬೇರೆ. ಎಂಟು ಮಂದಿ ಇದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು. ದೂರು ಮಾಲೀಕನ ಮೇಲೇ ಇದ್ದರೂ ಅಲ್ಲಿಗೇ. ಇದನ್ನು ಹೇಳಿ ಫೋನ್ ಇಟ್ಟ ಮೇಲೆ ನನಗೆ ರಾತ್ರಿ ನಿದ್ದೆ ಬರೋದಿಲ್ಲ.

ಹುಬ್ಬಳ್ಳಿಯ ದಾಜಿಬಾನ ಪೇಟೆ ಕಡೆ ಬಟ್ಟೆ ಅಂಗಡಿ ಇಟ್ಟವರ ಮಗನೊಬ್ಬನಿಗೆ, ನಿಮ್ಮ ಅಂಗಡಿಯಲ್ಲಿ ಯಾರು ಕೂರುತ್ತಾರೆ, ಯಾರು ನಿಲ್ಲುತ್ತಾರೆ, ಅಷ್ಟೇ ಬರೆದುಕೊಂಡು ಬಾ ಅಂದಿದ್ದೆ. ನಾಲ್ಕು ಸಾಲು ಬರೆದ. ಅಪ್ಪ ಕೂರುತ್ತಾರೆ. ಗಿರಾಕಿ ಕೂರುತ್ತಾರೆ. ಸೀರೆ ತೋರಿಸುವ ಮೂವರು ಹೆಣ್ಣುಮಕ್ಕಳು ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟೂವರೆವರೆಗೆ ನಿಲ್ಲುತ್ತಾರೆ. ನಾನು ಇದನ್ನು ಮೊದಲು ನೋಡಿರಲಿಲ್ಲ. ಅಂಗಡಿಯವರಿಗೆ ಕೂರುವ ಹಕ್ಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ಮಾಡಿವೆ ಅಂತ ಹೇಳಿದೆ. ದೀಪಾವಳಿ ಕಳೆದ ಮೇಲೆ ಆ ಅಂಗಡಿಗೆ ಹೋದರೆ ಕೌಂಟರ್ ಹಿಂದೆ ಮೂರು ಪ್ಲಾಸ್ಟಿಕ್ ಸ್ಟೂಲ್. ಒಂದರ ಮೇಲೆ ಸೀರೆ ಪೇರಿಸಿದ್ದರು. ಇನ್ನೆರಡು ಖಾಲಿ. “ಕುಂಡ್ರಾಕ ಹೇಳಿದ್ರೂ ಕುಂಡ್ರವಲ್ರು ಮೇಡಂ, ಅಪ್ಪಾಜಿ ಇರ್ತಾರಂತ” ಎಂದ ಹುಡುಗ. ಎರಡನೇ ಸಲ ಹೋದಾಗ ಒಬ್ಬಾಕೆ ಕೂತಿದ್ದಳು. ನನ್ನನ್ನು ಕಂಡು ತಟ್ಟನೆ ಎದ್ದಳು.

ಬ್ಯಾಡಗಿ ಹುಡುಗನೂ ಫೋನ್ ಮಾಡಿದ್ದ, ಬೆಂಗಳೂರಿನಿಂದ. ಅವನು “ಹೌದ್ರಿ, ಬರ್ತೀನ್ರಿ” ಅಂದರೆ ಸಾಕು, ಟೀಮಿನವರು ಅವನ ಮಾತನ್ನೇ ಅಣಕಿಸಿ ನಗುತ್ತಾರಂತೆ. ಅವನೂ ಜೊತೆಗೆ ನಗುತ್ತಾನಂತೆ. “ಇದಕ್ಕ ಕಮಿಟಿ ಇಲ್ಲೇನ್ರಿ ಮೇಡಂ?” ಇಲ್ಲ ಅಂದೆ. ಪಾಠ ತಲೆಗೆ ಹತ್ತಿತಾ ಅಂತ ಕೇಳುವ ಚಪಲ ಬಂದಿತ್ತು, ನುಂಗಿಕೊಂಡೆ. ಅವನೇನೂ ಬದಲಾಗಿಲ್ಲ ಬಿಡಿ. ಅದೇ ಫೋನಿನಲ್ಲಿ, ಆ ಸಿವಿ ಆಟ ಮಾತ್ರ ನೀವು ಆಡಿಸಬಾರದಿತ್ತು ಅಂತ ಮತ್ತೊಮ್ಮೆ ಹೇಳಿದ.

ಕಳೆದ ತಿಂಗಳು ನಾಲ್ವರಲ್ಲಿ ಒಬ್ಬ ಪೂಜಾಗೆ ಇಂಟರ್‌ವ್ಯೂ ಇತ್ತು. ಹಿಂದಿನ ಸಂಜೆ ನಾವಿಬ್ಬರೂ ಕೂತು, ಅಡ್ಡಹೆಸರಿನ ಬಗ್ಗೆ ಕೇಳಿದರೆ ಏನು ಹೇಳಬೇಕು ಅಂತ ಒಂದು ಗಂಟೆ ತಯಾರಿ ಮಾಡಿದ್ದೆವು. ಮೂರು ಥರದ ಉತ್ತರ, ಒಂದರಲ್ಲಿ ಸ್ವಲ್ಪ ಖಾರ. ಮರುದಿನ ಮಧ್ಯಾಹ್ನ ಫೋನ್ ಬಂತು.

“ಅಡ್ಡಹೆಸರು ಕೇಳಲೇ ಇಲ್ಲ ಮೇಡಂ. ಮದ್ವಿ ಯಾವಾಗ ಅಂತ ಕೇಳಿದ್ರು.”

ಹೆರಿಗೆ ರಜೆ 2017ರಲ್ಲಿ 12 ವಾರದಿಂದ 26 ವಾರ ಆಯಿತು. ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇಲ್ಲದ ಕಡೆ ಆ ಸಂಬಳ ಕಂಪನಿಯ ಜೇಬಿನಿಂದಲೇ ಹೋಗಬೇಕು. ಅದಕ್ಕೇ ಕೆಲವರು ಮುಂಚೆಯೇ ಲೆಕ್ಕ ಹಾಕುತ್ತಾರೆ ಅಂತ ನಾನೇ ಪಾಠ ಮಾಡಿದ್ದೆ. ತಯಾರಿ ಮಾಡಿಸೋದು ಮರೆತಿದ್ದೆ.

“ನೀ ಏನಂದೆ?”

“ಮದ್ಲ ನೌಕರಿ ಆಗ್ಲಿ ಸರ್, ಆಮ್ಯಾಲ ಕರೀತೀನಿ ಅಂದೆ.”

ಕೆಲಸ ಸಿಕ್ಕಿದೆ. ಹುಬ್ಬಳ್ಳಿ ಕಡೆಯ ತಾರಿಹಾಳದಲ್ಲಿ, ಸೋಮವಾರದಿಂದ. ಧಾರವಾಡದಿಂದ ಬೆಳಿಗ್ಗೆ ಮೊದಲ ಬಸ್ಸು ಎಷ್ಟು ಗಂಟೆಗೆ ಅಂತ ಕೇಳುತ್ತಿದ್ದಳು.