ಗಾಜಿಗೆ ಅಂಟಿದ ಮುಖ

ಬಳ್ಳಾರಿಯ ಬ್ರೂಸ್‌ಪೇಟೆ ಕಡೆ ನನ್ನದೊಂದು ಫೋಟೊ ಫ್ರೇಮ್ ಅಂಗಡಿ ಇದೆ. ಒಳಗೆ ಇಬ್ಬರು ನಿಂತರೆ ಮೂರನೆಯವರು ಮೆಟ್ಟಿಲ ಮೇಲೆ ಕಾಯಬೇಕು, ಅಷ್ಟು ಜಾಗ. ಬರುವ ಕೆಲಸದಲ್ಲಿ ಅರ್ಧ ದೇವರದು. ಕನಕ ದುರ್ಗಮ್ಮ, ತಿರುಪತಿ ತಿಮ್ಮಪ್ಪ, ಎರ್ರಿತಾತ. ಉಳಿದದ್ದು ತೀರಿಕೊಂಡವರ ಫೋಟೊ, ಮದುವೆ ಫೋಟೊ, ಸನ್ಮಾನ ಪತ್ರ. ಹದಿನಾರು ವರ್ಷದಲ್ಲಿ ಕೈಯಲ್ಲಿ ಬಿಡಿಸಿದ ಚಿತ್ರ ಅಂತ ಬಂದದ್ದು ತೀರಾ ಕಡಿಮೆ. ಅದರಲ್ಲೊಂದನ್ನು ನಾನೇ ಹಾಳು ಮಾಡಿದೆ.

ಚಿತ್ರ ತಂದವರು ರಿಟೈರ್ ಆದ ಡ್ರಾಯಿಂಗ್ ಟೀಚರ್. ಫೆಬ್ರವರಿ ತಿಂಗಳು. ಹಳೆ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿಕೊಂಡು ಬಂದಿದ್ದರು. ಬಿಚ್ಚಿದೆ. ಒಂದು ಮನೆ ಮುಂದಿನ ಕಟ್ಟೆ, ಕಟ್ಟೆ ಮೇಲೆ ನಾಲ್ಕು ಜನ ಹೆಂಗಸರು, ಅವರ ನಡುವೆ ಮೊಣಕಾಲೆತ್ತರಕ್ಕೆ ಜೀನ್ಸ್ ಪ್ಯಾಂಟುಗಳ ಗುಡ್ಡೆ. ದಾರ ಕತ್ತರಿಸುತ್ತಿದ್ದಾರೆ. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಹೊರಗಿನವರಿಗಾಗಿ ಹೇಳುತ್ತೇನೆ: ಬಳ್ಳಾರಿಯಲ್ಲಿ ಹೊಲಿಯುವ ಜೀನ್ಸ್ ಅಂಗಡಿಗೆ ಹೋಗುವ ಮೊದಲು ಹೊಲಿಗೆಯ ತುದಿಯಲ್ಲಿ ಉಳಿದ ದಾರಗಳನ್ನೆಲ್ಲ ಯಾರಾದರೂ ಕತ್ತರಿಸಬೇಕು. ಆ ಯಾರಾದರೂ ಅಂದರೆ ಹೆಚ್ಚಾಗಿ ಓಣಿಯ ಹೆಣ್ಣುಮಕ್ಕಳು. ಅಡುಗೆ ಮುಗಿಸಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ, ಗುಡ್ಡೆ ಮುಂದೆ ಕೂತರೆ ಪ್ಯಾಂಟಿಗಿಷ್ಟು ಅಂತ ಕೂಲಿ. ನಮ್ಮಮ್ಮನೂ ಇದೇ ಕೆಲಸ ಮಾಡಿ ನನ್ನನ್ನು ಓದಿಸಿದ್ದು.

ಅಮ್ಮ ಆವತ್ತು ಊಟದ ಡಬ್ಬಿ ತಂದು ಅಂಗಡಿಯಲ್ಲೇ ಕೂತಿದ್ದಳು. ಚಿತ್ರ ನೋಡಿದವಳೇ ಹತ್ತಿರ ಬಂದಳು. ಎರಡನೇ ಹೆಂಗಸಿನ ಕೈ ತೋರಿಸಿ, "ಕತ್ರಿ ಸರಿಯಾಗಿ ಹಿಡಿದಾಳ ನೋಡು, ಹೆಬ್ಬೆರಳು ಹಾಕಿಲ್ಲ" ಅಂದಳು. ಪೂರ್ತಿ ಬೆರಳು ಹಾಕಿ ಹಿಡಿದರೆ ಸಂಜೆ ಹೊತ್ತಿಗೆ ಹೆಬ್ಬೆರಳು ಬಾತುಕೊಳ್ಳುತ್ತಂತೆ. ನನಗೆ ಅದು ಗೊತ್ತೇ ಇರಲಿಲ್ಲ. ಟೀಚರಿಗೆ ಗೊತ್ತಿತ್ತು. ಅವರು ಎಂಟು ಹತ್ತು ಮಧ್ಯಾಹ್ನ ಆ ಕಟ್ಟೆ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತಿದ್ದರಂತೆ.

ಪೂರ್ತಿ ಚಿತ್ರ ಕ್ರೇಯಾನ್‌ನಲ್ಲಿತ್ತು. ಮಕ್ಕಳ ಡಬ್ಬಿಯಲ್ಲಿ ಬರುತ್ತಲ್ಲ, ಅದೇ ಮೇಣದ ಕಡ್ಡಿ. ಆದರೆ ಮಕ್ಕಳು ತಿಕ್ಕಿದ ಹಾಗೆ ತೆಳ್ಳಗಿರಲಿಲ್ಲ. ಬಿಳಿ ಮೇಲೆ ಆಕಾಶ ನೀಲಿ, ಅದರ ಮೇಲೆ ಕಡು ನೀಲಿ, ಒತ್ತಿ ಒತ್ತಿ ಬಳಿದು ಪದರ ಕಟ್ಟಿದ್ದರು. ಆಮೇಲೆ ಸೂಜಿಯಿಂದ ಗೀರಿದ್ದರು. ಗೀರಿದ ಕಡೆ ಮೇಲಿನ ನೀಲಿ ಎದ್ದು ಹೋಗಿ ಕೆಳಗಿನ ಬಿಳಿ ಕಾಣುತ್ತಿತ್ತು. ಅದೇ ದಾರ! ಪ್ಯಾಂಟಿನಿಂದ ಜೋತಾಡುವ ದಾರ, ಸೀರೆ ಸೆರಗಿಗೆ ಅಂಟಿದ ದಾರ, ಒಬ್ಬಳ ಕೂದಲಿಗೆ ಸಿಕ್ಕಿಕೊಂಡ ದಾರ. ಬಿಳಿ ಬಣ್ಣ ಹಚ್ಚಿ ಬರೆದದ್ದಲ್ಲ, ನೀಲಿಯನ್ನು ತೆಗೆದು ಬರೆದದ್ದು.

ನಾನು ಮೊದಲು ಮಾಡಿದ ಕೆಲಸ ಏನು ಗೊತ್ತಾ? ಅಂಚಿನಲ್ಲಿ ಕೂತಿದ್ದ ಮೇಣದ ಪುಡಿಯನ್ನು ಕಸ ಅಂದುಕೊಂಡು ಬ್ರಷ್ಷಿನಿಂದ ಗುಡಿಸಿದೆ. ಎರಡು ಕಡೆ ನೀಲಿ ಗೆರೆ ಎಳೆಯಿತು. ಟೀಚರ್ ನೋಡಿದರು, ಏನೂ ಅನ್ನಲಿಲ್ಲ. ಅಲ್ಲಿಗೇ ನನಗೆ ಬುದ್ಧಿ ಬರಬೇಕಿತ್ತು.

"ಮೌಂಟ್ ಹಾಕಬೇಕೇನೋ ತಮ್ಮಾ?" ಅಂತ ಕೇಳಿದರು. ಮೌಂಟ್ ಅಂದರೆ ಚಿತ್ರದ ಸುತ್ತ, ಗಾಜಿನ ಕೆಳಗೆ ಕೂರಿಸುವ ದಪ್ಪ ರಟ್ಟಿನ ಅಂಚು.

"ಬೇಡ ಬಿಡ್ರಿ ಮೇಡಂ, ಸುಮ್ನೆ ಖರ್ಚು. ಗಾಜು ಟೈಟಾಗಿ ಕೂರಿಸಿದ್ರೆ ಕಾಗದ ಸುರುಳಿ ಏಳಲ್ಲ."

"ನಿನಗೆ ಗೊತ್ತಿರ್ತದಲ್ಲ" ಅಂದು ಅಡ್ವಾನ್ಸ್ ಕೊಟ್ಟು ಹೋದರು.

ನನಗೆ ಗೊತ್ತಿದ್ದದ್ದು ಫೋಟೊ ಮತ್ತು ಪ್ರಿಂಟು. ಅವನ್ನು ಹೇಗೆ ಒತ್ತಿದರೂ ಜಾಸ್ತಿ ತೊಂದರೆ ಆಗುವುದು ಮಳೆನೀರು ಇಳಿದಾಗ ಮಾತ್ರ. ಅದೇ ಲೆಕ್ಕದಲ್ಲಿ ಹಿಂದೆ ಹಾರ್ಡ್‌ಬೋರ್ಡ್, ಮುಂದೆ ಗಾಜು, ನಡುವೆ ಚಿತ್ರ, ಸುತ್ತ ಮೊಳೆ, ಬ್ರೌನ್ ಟೇಪ್. ಅಚ್ಚುಕಟ್ಟಾಗಿ ಕಾಣುತ್ತಿತ್ತು. ಆ ವಾರ ನಾನು ಮಾಡಿದ ಫ್ರೇಮುಗಳಲ್ಲೆಲ್ಲ ಚೆನ್ನಾಗಿದ್ದದ್ದು ಅದೇ ಅಂತ ಈಗಲೂ ಹೇಳುತ್ತೇನೆ.

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ನಾವು ತಮಾಷೆ ಮಾಡುತ್ತೇವೆ. ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಗುಡ್ಡದ ಬಂಡೆ ಹಗಲೆಲ್ಲ ಕಾದು ರಾತ್ರಿಯೂ ಝಳ ಬಿಡುತ್ತದೆ. ಟೀಚರ್ ಆ ಫ್ರೇಮನ್ನು ಹಾಕಿದ್ದು ಸಂಜೆ ಬಿಸಿಲು ನೇರ ಬೀಳುವ ಗೋಡೆಗೆ. ಮೇ ಕೊನೆಯಲ್ಲಿ ಫೋನ್ ಬಂತು. "ಚಿತ್ರದಾಗ ಅಲ್ಲಲ್ಲಿ ಎಣ್ಣೆ ಬಿದ್ದಂಗ ಕಾಣ್ತದೆ, ನೋಡ್ತೀಯಾ?"

ಮೇಣದ ಕಡ್ಡಿಯಲ್ಲಿ ಇರುವುದು ಪ್ಯಾರಾಫಿನ್ ಮೇಣ ಮತ್ತು ಬಣ್ಣದ ಪುಡಿ. ಪ್ಯಾರಾಫಿನ್ ಸಾಮಾನ್ಯವಾಗಿ ಕರಗುವುದು 46ರಿಂದ 68 ಡಿಗ್ರಿ ನಡುವೆ, ಯಾವ ದರ್ಜೆಯದು ಅನ್ನುವುದರ ಮೇಲೆ. ಕರಗುವುದಕ್ಕೂ ಮೊದಲೇ ಅದು ಮೆತ್ತಗಾಗುತ್ತದೆ. ಬಿಸಿಲು ಬಿದ್ದ ಗಾಜಿನ ಹಿಂದೆ ಗಾಳಿ ಆಡದೆ ಇರುವ ಜಾಗದಲ್ಲಿ ಬಿಸಿ ಹೊರಗಿನದಕ್ಕಿಂತ ಜಾಸ್ತಿ. ಮೆತ್ತಗಾದ ಮೇಣಕ್ಕೆ ಗಾಜು ಒತ್ತಿಕೊಂಡಿದ್ದರೆ ಏನಾಗುತ್ತೆ ಹೇಳಿ? ಈ ಲೆಕ್ಕ ಆವತ್ತು ನನ್ನ ತಲೆಗೆ ಹೊಳೆಯಲೇ ಇಲ್ಲ. ಇನ್ನೊಂದು ತಪ್ಪೂ ಮಾಡಿದೆ. ಫ್ರೇಮ್ ತಂದು ಬಿಸಿ ಬಿಸಿ ಇರುವಾಗಲೇ ಬಿಚ್ಚಿದೆ. ಟೇಪ್ ಕಿತ್ತೆ, ಮೊಳೆ ತೆಗೆದೆ, ಹಿಂದಿನ ಬೋರ್ಡ್ ಎತ್ತಿದೆ, ಕಾಗದದ ಮೂಲೆ ಹಿಡಿದು ನಿಧಾನಕ್ಕೆ ಎಳೆದೆ. ಹಪ್ಪಳ ಬಿಡಿಸುವಾಗ ಬರುತ್ತಲ್ಲ, ಅಂಥದೊಂದು ಸಣ್ಣ ಸದ್ದು ಬಂತು.

ಕತ್ತರಿ ಹಿಡಿದವಳ ಮುಖ ಗಾಜಿನ ಮೇಲಿತ್ತು. ಹಣೆ, ಮೂಗು, ಒಂದು ಕೆನ್ನೆ, ಕೈಯ ಅರ್ಧ. ಜೊತೆಗೆ ಅಂಗೈಯಗಲದ ನೀಲಿ.

ಟೀಚರ್ ಬೈಯ್ಯಲಿಲ್ಲ. ಬೈದಿದ್ದರೆ ವಾಸಿ ಇತ್ತು. ಕನ್ನಡಕ ಹಾಕಿಕೊಂಡು ಗಾಜು ನೋಡಿದರು, ಕಾಗದ ನೋಡಿದರು, ಮತ್ತೆ ಗಾಜು ನೋಡಿದರು. ಆಮೇಲೆ ನನ್ನ ಸ್ಟೂಲ್ ಮೇಲೆ ಕೂತು ಪಾಠ ಶುರು ಮಾಡಿದರು. ಅಭ್ಯಾಸ ಬಲ, ಅಲ್ವಾ?

ಅಂಗಡಿಯವರು ಎಲ್ಲದಕ್ಕೂ ಕ್ರೇಯಾನ್ ಅಂದುಬಿಡುತ್ತಾರೆ, ಆದರೆ ಕಡ್ಡಿಗಳಲ್ಲಿ ಮೂರು ಜಾತಿ ಅಂದರು. ಒಂದು ಈ ಮೇಣದ್ದು. ಇನ್ನೊಂದು ಆಯಿಲ್ ಪ್ಯಾಸ್ಟೆಲ್. ಅದನ್ನು 1925ರಲ್ಲಿ ಜಪಾನಿನ ಸಕುರಾ ಕಂಪನಿ ಮಾರುಕಟ್ಟೆಗೆ ತಂದದ್ದು. ಅದರಲ್ಲಿ ಮೇಣದ ಜೊತೆ ಒಣಗದ ಎಣ್ಣೆ ಇರುತ್ತದೆ. ಹಾಗಾಗಿ ವರ್ಷಗಳಾದರೂ ಪೂರ್ತಿ ಒಣಗಲ್ಲ, ಬೆರಳಿಟ್ಟರೆ ಗುರುತು ಬೀಳುತ್ತದೆ. ಮೂರನೆಯದು ಒಣ ಪ್ಯಾಸ್ಟೆಲ್, ಸೀಮೆಸುಣ್ಣದ ಥರ ಪುಡಿ. ಅದಕ್ಕೆ ಬಿಸಿಲಿಗೆ ಕರಗುವ ಭಯ ಇಲ್ಲ, ಉದುರುವ ಭಯ. ಗಾಜು ಭಾರ ಅಂತ ಅದಕ್ಕೆ ಅಕ್ರಿಲಿಕ್ ಶೀಟ್ ಹಾಕಿದರೆ, ಒರೆಸಿದಾಗ ಹುಟ್ಟುವ ಕರೆಂಟು ಪುಡಿಯನ್ನು ಎಳೆದುಕೊಳ್ಳುತ್ತದೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರು ಎಳೆಯುತ್ತಲ್ಲ, ಹಾಗೆ.

ಮಾತಿನ ನಡುವೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಪ್ಯಾರಿಸ್ಸಿನ ದೆಗಾ ಅನ್ನುವವರದು, 1834ರಲ್ಲಿ ಹುಟ್ಟಿ 1917ರಲ್ಲಿ ತೀರಿಕೊಂಡವರು. ಇಬ್ಬರು ಹೆಂಗಸರು ಇಸ್ತ್ರಿ ಮಾಡುತ್ತಿದ್ದಾರೆ. ಒಬ್ಬಳು ಎರಡೂ ಕೈ ಇಸ್ತ್ರಿಪೆಟ್ಟಿಗೆ ಮೇಲೆ ಊರಿ ಬಾಗಿದ್ದಾಳೆ. ಇನ್ನೊಬ್ಬಳು ಬಾಟಲಿ ಹಿಡಿದು ಬಾಯ್ತುಂಬ ಆಕಳಿಸುತ್ತಿದ್ದಾಳೆ. ಅಮ್ಮ ಬಗ್ಗಿ ನೋಡಿ, "ಇವಳಿಗೂ ನೈಟ್ ಶಿಫ್ಟಾ?" ಅಂದಳು. ಟೀಚರ್ ಆವತ್ತು ನಕ್ಕದ್ದು ಆಗಲೇ. ಅದು ಎಣ್ಣೆ ಬಣ್ಣದ ಚಿತ್ರ, ಆದರೆ ಅದೇ ದೆಗಾ ವಯಸ್ಸಾದಂತೆ ಪ್ಯಾಸ್ಟೆಲ್ ಕಡ್ಡಿಗಳನ್ನೇ ಹೆಚ್ಚಾಗಿ ಹಿಡಿದರಂತೆ.

ಟೀಚರಿಗೆ ಆ ಇಸ್ತ್ರಿ ಚಿತ್ರ ಯಾಕೆ ಇಷ್ಟ ಅಂದರೆ, ಅದರಲ್ಲಿ ಹೆಂಗಸರು ಯಾರಿಗೂ ಪೋಸ್ ಕೊಟ್ಟಿಲ್ಲ. ನನ್ನ ಅಂಗಡಿ ಗೋಡೆಯನ್ನು ಆಗ ಒಮ್ಮೆ ನೋಡಿದೆ. ದೇವಿಯರು ಬಿಟ್ಟರೆ ಅಲ್ಲಿದ್ದ ಹೆಣ್ಣುಮಕ್ಕಳು ಎರಡೇ ಥರ, ಮದುಮಗಳು ಇಲ್ಲಾ ಹಾರ ಹಾಕಿಸಿಕೊಂಡ ಅಜ್ಜಿ. ಕೆಲಸದಲ್ಲಿರುವವಳನ್ನು ಫ್ರೇಮ್ ಹಾಕಿಸೋಕೆ ಅವತ್ತಿನವರೆಗೆ ಯಾರೂ ತಂದಿರಲಿಲ್ಲ.

ಈಗ ಕೆಲಸದ ಮಾತು, ಈ ದಂಧೆಯಲ್ಲಿ ಇರುವವರಿಗೆ. ಕೈಚಿತ್ರ ಬಂದರೆ ಅಳತೆ ಹಿಡಿಯುವ ಮೊದಲು "ಯಾವುದರಲ್ಲಿ ಬಿಡಿಸಿದ್ದು?" ಅಂತ ಕೇಳುತ್ತೇನೆ. ಬಿಲ್ ಪುಸ್ತಕದಲ್ಲೂ ಅದನ್ನೇ ಮೊದಲು ಬರೆಯುತ್ತೇನೆ. ಮೇಣ, ಆಯಿಲ್ ಪ್ಯಾಸ್ಟೆಲ್, ಪುಡಿ ಯಾವುದೇ ಆದರೂ ಗಾಜು ತಾಗಬಾರದು. ಬರೀ ಮೌಂಟ್ ಬೋರ್ಡ್ ನಂಬಬೇಡಿ, ಅದು ಒಂದೂವರೆ ಮಿಲಿಮೀಟರ್ ಅಷ್ಟೇ, ಮಳೆಗಾಲದಲ್ಲಿ ಕಾಗದ ಉಬ್ಬಿದರೆ ಗಾಜಿಗೆ ತಾಗೇ ತಾಗುತ್ತದೆ. ನಾನು ಬೀಡಿಂಗ್ ಒಳಗೆ, ಅಂದರೆ ಫ್ರೇಮಿನ ಸುತ್ತಿನ ಪಟ್ಟಿಯ ಒಳಗೆ, ಹೊರಗೆ ಕಾಣದ ಹಾಗೆ, ಐದು ಮಿಲಿಮೀಟರ್ ಪಟ್ಟಿ ಕೂರಿಸಿ ಸಂದು ಬಿಡುತ್ತೇನೆ. ಕಾಗದವನ್ನು ಬೋರ್ಡಿಗೆ ಫೆವಿಕಾಲ್ ಬಳಿದು ಪೂರ್ತಿ ಅಂಟಿಸುವುದನ್ನೂ ಬಿಟ್ಟೆ. ಮೇಲಿನ ಅಂಚಿಗೆ ಮಾತ್ರ ತೆಳು ಕಾಗದದ ಎರಡು ಪಟ್ಟಿ, ಗೋಧಿ ಗಂಜಿಯಲ್ಲಿ. ಕಾಗದ ಜೋತಾಡಿಕೊಂಡಿರಲಿ, ಉಸಿರಾಡಲಿ. ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ ಅಂತ ಹಿಂದೆ ಚೀಟಿ ಅಂಟಿಸುತ್ತೇನೆ. ಎಷ್ಟು ಜನ ಓದುತ್ತಾರೋ ದೇವರಿಗೇ ಗೊತ್ತು.

ಲ್ಯಾಮಿನೇಷನ್ ಕೇಳಿಕೊಂಡು ಬರುವವರೇ ದೊಡ್ಡ ತಲೆನೋವು. ಮಗಳು ಸ್ಕೂಲಲ್ಲಿ ಪ್ರೈಜ್ ತಗೊಂಡ ಕ್ರೇಯಾನ್ ಚಿತ್ರ ತಂದು ಬಿಸಿ ರೋಲರಿಗೆ ಕೊಡಿ ಅನ್ನುತ್ತಾರೆ. ಆಗಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೋಗಲಿ ಬಿಡಿ. ಕೆಲವರು ವಾಪಸ್ಸೂ ಬರುತ್ತಾರೆ, ಬಣ್ಣ ಹರಡಿದ ಚಿತ್ರ ಹಿಡಿದುಕೊಂಡು.

ಇನ್ನೊಂದು ವಿಷಯ. ಮೇಣದ ಚಿತ್ರದ ಮೇಲೆ ಕೆಲವೊಮ್ಮೆ ಬಿಳಿ ಮಂಜಿನ ಥರ ಬರುತ್ತದೆ. ಬೂಸ್ಟು ಅಂದುಕೊಂಡು ಒದ್ದೆ ಬಟ್ಟೆ ತಗೊಳ್ಳಬೇಡಿ. ಮೇಣವೇ ಮೇಲಕ್ಕೆ ಬಂದು ಕೂತಿರಬಹುದು. ಬಿಡಿಸಿದವರಿಗೇ ತೋರಿಸಿ, ಅವರು ಹೇಳಿದ ಹಾಗೆ ಮಾಡಿ.

ಟೀಚರ್ ಕಾಗದವನ್ನು ಮನೆಗೆ ಒಯ್ದರು. ಹತ್ತು ದಿನ ಬಿಟ್ಟು ತಂದರು. ಮುಖ ಮೊದಲಿನಂತೆ ಬರೆದಿರಲಿಲ್ಲ. ತಲೆ ತಗ್ಗಿಸಿ ಕತ್ತರಿ ನೋಡುತ್ತಿದ್ದವಳು ಈಗ ಪಕ್ಕದವಳ ಕಡೆ ತಿರುಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. "ಈಗ ಮಾತಾಡ್ತಾಳೆ" ಅಂದಳು ಅಮ್ಮ. ಈ ಸಲ ಸಂದು ಬಿಟ್ಟು, ಮೌಂಟ್ ಹಾಕಿ ಫ್ರೇಮ್ ಮಾಡಿದೆ. ದುಡ್ಡು ಬೇಡ ಅಂದೆ. ಗಾಜಿನ ದುಡ್ಡಾದರೂ ತಗೋ ಅಂತ ಟೇಬಲ್ ಮೇಲಿಟ್ಟು ಹೋದರು.

ಹಳೆ ಗಾಜನ್ನು ತೊಳೆಯಬೇಡ ಅಂತ ಅವರೇ ಹೇಳಿದ್ದರು. ಹಿಂದೆ ಬಿಳಿ ಕಾಗದ ಇಟ್ಟು ಸುಮ್ನೆ ಒಂದು ಪಟ್ಟಿ ಹೊಡೆದು ಅಂಗಡಿಯಲ್ಲೇ ತೂಗುಹಾಕಿದ್ದೇನೆ, ಬಿಸಿಲು ಬರದ ಗೋಡೆಗೆ, ದುರ್ಗಮ್ಮನ ಪಕ್ಕ. ಅರ್ಧ ಮುಖ, ಅರ್ಧ ಕೈ, ಒಂದಿಷ್ಟು ನೀಲಿ. ಮೇಣ ಅಂಟಿದ ಕಡೆಯನ್ನೇ ಮುಂದೆ ಮಾಡಿದ್ದರಿಂದ ಕತ್ತರಿ ಎಡಗೈಗೆ ಬಂದಿದೆ. ಬಂದ ಗಿರಾಕಿಗಳು ಇದ್ಯಾವ ದೇವರು ಅಂತ ಕೇಳುತ್ತಾರೆ. ಅಮ್ಮ ಇದ್ದರೆ ಅವಳೇ ಉತ್ತರ ಕೊಡುತ್ತಾಳೆ, ಹೆಬ್ಬೆರಳು ಹಾಕದೆ ಕತ್ತರಿ ಹಿಡಿಯುವುದು ಹೇಗೆ ಅನ್ನುವುದರಿಂದ ಶುರು ಮಾಡಿ.